ಏಳ್ನೂರರೊಳಗೊಂದು ಮೌಸ್

ನಮ್ಮ ರೂಮಿನಲ್ಲಿ ಜನ ಮೂರು, ಲ್ಯಾಪ್‌ಟಾಪ್ ಮೂರು, ಮೌಸ್ ಸೊನ್ನೆ. ಫಸ್ಟ್ ಇಯರ್ ಪೂರ್ತಿ ಟಚ್‌ಪ್ಯಾಡ್ ಉಜ್ಜಿಕೊಂಡೇ ಕಳೆದೆವು. ಥರ್ಡ್ ಸೆಮ್ ಶುರುವಾಗಿ ಎರಡು ತಿಂಗಳಾಗೋ ಹೊತ್ತಿಗೆ ಮೂವರಿಗೂ ಮೌಸ್ ಬೇಕೇ ಬೇಕು ಅನ್ನೋ ಹಾಗಾಯ್ತು, ಮೂರು ಬೇರೆ ಬೇರೆ ಕಾರಣಕ್ಕೆ. ಒಬ್ಬ ಮೆಕ್ಯಾನಿಕಲ್, ಒಬ್ಬ ಸಿಎಸ್, ಒಬ್ಬ ಇಸಿ. ಇದರಲ್ಲಿ ಬರೀತಿರೋದು ಯಾರು ಅಂತ ಹುಡುಕಬೇಡಿ. ಮೂವರೂ ಸೇರಿ ತಲೆ ಕೆಡಿಸಿಕೊಂಡ ವಿಷಯ, ಅದಕ್ಕೆ "ನಾವು" ಅಂತಲೇ ಬರೀತೀವಿ. ಮೌಸ್‌ಗೆ ಇಲಿ ಅಂತ ಬರೆದು ಗಣಪತಿ ಜೋಕ್ ಹೊಡೆಯೋ ಪ್ಲಾನ್ ಇತ್ತು, ಸಂಪಾದಕರು ಕೈ ಮುಗಿದು ಬೇಡ ಅಂದ್ರು.

ಬಜೆಟ್ ತಲೆಗೆ 700 ರೂಪಾಯಿ. ಓದುಗರಲ್ಲಿ ಕೆಲವರಿಗೆ ಇದು ಒಂದು ಶನಿವಾರದ ಪಿಜ್ಜಾ ಅಷ್ಟೇ. ನಮ್ಮ ಮೆಕ್‌ಗೆ ಹಾಗಲ್ಲ. ಅವನ ಅಮ್ಮ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ, ಲೈನಿಂಗ್ ಇಲ್ಲದ ಒಂದು ಬ್ಲೌಸ್‌ಗೆ 150 ರೂಪಾಯಿ. ಅವನು ಬೆಂಗಳೂರಿಗೆ ಬಂದಾಗಿನಿಂದ ಎಲ್ಲ ಖರ್ಚನ್ನೂ ಬ್ಲೌಸಿನಲ್ಲೇ ಲೆಕ್ಕ ಹಾಕ್ತಾನೆ. ಗ್ರಾಫಿಕ್ಸ್ ಕಿಟ್ ಇಷ್ಟು ಬ್ಲೌಸ್, ಊರಿನ ಬಸ್ ಟಿಕೆಟ್ ಇಷ್ಟು ಬ್ಲೌಸ್. ಮೌಸ್ ಅಂದರೆ ಐದು ಬ್ಲೌಸ್‌ಗೆ ಸ್ವಲ್ಪ ಕಮ್ಮಿ. ಅದಕ್ಕೇ ಅವನು ಮಷೀನ್ ಡ್ರಾಯಿಂಗ್ ಲ್ಯಾಬಿನ ಪ್ಲಮ್ಮರ್ ಬ್ಲಾಕ್ ಅಸೆಂಬ್ಲಿಯನ್ನು ರಾತ್ರಿ ರೂಮಿನಲ್ಲಿ ಟಚ್‌ಪ್ಯಾಡ್ ಮೇಲೇ ಮಾಡ್ತಾ ಕೂತಿದ್ದ. ಸಾಲಿಡ್‌ವರ್ಕ್ಸ್‌ನಲ್ಲಿ ಮಾಡೆಲ್ ತಿರುಗಿಸೋಕೆ ಮೌಸಿನ ಮಧ್ಯದ ಚಕ್ರ ಒತ್ತಿ ಎಳೀಬೇಕು. ಟಚ್‌ಪ್ಯಾಡಿನಲ್ಲಿ ಚಕ್ರ ಎಲ್ಲಿಂದ ಬರಬೇಕು? ಆರೋ ಕೀ ಒತ್ತು, ಕಂಟ್ರೋಲ್ ಹಿಡಿ, ಎರಡು ಬೆರಳು ಜಾರಿಸು, ಮತ್ತೆ ಆರೋ ಕೀ. ಒಂದೂವರೆ ತಿಂಗಳಿಗೆ ಬಲಗೈ ಮಣಿಕಟ್ಟು, ಹೆಬ್ಬೆರಳಿನ ಬುಡದ ಕಡೆ, ಹಿಡ್ಕೊಂಡುಬಿಡ್ತು. ಬಕೆಟ್ ಎತ್ತೋಕಾಗ್ತಿರಲಿಲ್ಲ. ಫಿಸಿಯೋಥೆರಪಿಗೆ ಕರ್ಕೊಂಡು ಹೋದ್ವಿ. ಅವರು ಮೂರು ವ್ಯಾಯಾಮ ಹೇಳಿಕೊಟ್ಟು, "ಮೊದಲು ಒಂದು ಮೌಸ್ ತಗೊಳ್ಳಿ, ಕೈಗೆ ಸರಿಹೋಗೋದು ತಗೊಳ್ಳಿ" ಅಂದರು. ಫೀಸು 400. ಅಂದರೆ ಎರಡು ಸಲ ಅಲ್ಲಿಗೆ ಹೋದರೆ ಮೌಸಿನ ದುಡ್ಡು ಹೋಯ್ತು ಅಂತ ಅವನೇ ವಾಪಸ್ ಬರ್ತಾ ಲೆಕ್ಕ ಹಾಕಿದ. ಆವತ್ತು ಮೌಸ್ ತಗೋಳೋದು ನಿರ್ಧಾರ ಆಯ್ತು.

ಯಾವುದು ಅನ್ನೋದೇ ಕಷ್ಟ. ಐದು ಸಾವಿರ ಇದ್ದರೆ ಕಣ್ಣು ಮುಚ್ಕೊಂಡು ತಗೋಬಹುದು, ಆ ರೇಟಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಚೆನ್ನಾಗಿರ್ತವೆ. 700ರೊಳಗೆ ಹಾಗಲ್ಲ. ಆ ಬೆಲೆಗೆ ಬರಬೇಕು ಅಂದರೆ ತಯಾರಿಸೋರು ಎಲ್ಲೋ ಒಂದು ಕಡೆ ಉಳಿಸಿರಲೇಬೇಕು. ಸೆನ್ಸರಿನಲ್ಲೋ, ಸ್ವಿಚ್ಚಿನಲ್ಲೋ, ಚಕ್ರದಲ್ಲೋ, ಅಚ್ಚಿನಲ್ಲೋ. ಎಲ್ಲಿ ಉಳಿಸಿದ್ದಾರೆ ಅಂತ ಡಬ್ಬಿ ಮೇಲೆ ಬರೆದಿರಲ್ಲ. ಅದನ್ನು ನಾವು ಕಂಡುಹಿಡೀಬೇಕು, ಆಮೇಲೆ ಆ ಉಳಿತಾಯ ನಮ್ಮ ಕೈ ಮೇಲೆ ಬೀಳುತ್ತೋ ಇಲ್ಲವೋ ನೋಡಬೇಕು. ಮೆಕ್ ಕೈ ಮೇಲೆ ಬೀಳೋದು ಸಿಎಸ್ ಕೈ ಮೇಲೆ ಬೀಳದೇ ಇರಬಹುದು. ಸೀನಿಯರ್‌ಗಳನ್ನ "ಅಣ್ಣಾ ಯಾವ ಮೌಸ್ ಒಳ್ಳೇದು" ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳೋದು ಇದಕ್ಕೇ. ಎಲ್ಲರೂ ತಮ್ಮ ತಮ್ಮ ಕೈ ಬಗ್ಗೆ ಮಾತಾಡ್ತಿರ್ತಾರೆ.

ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಇರೋದು ಡಿಪಿಐ. 1000, 1200, 1600, ಕೆಲವು ಅಗ್ಗದವುಗಳ ಮೇಲೆ 3200. ಜಾಸ್ತಿ ಅಂದರೆ ಒಳ್ಳೇದು ಅಂತ ಎಲ್ಲರೂ ಅಂದ್ಕೋತಾರೆ. ಸ್ವಲ್ಪ ಲೆಕ್ಕ ಮಾಡೋಣ, ಇಂಜಿನಿಯರ್‌ಗಳು ಅಲ್ವಾ. ಮೌಸನ್ನು ಒಂದು ಇಂಚು ಸರಿಸಿದರೆ ಅದು ಲ್ಯಾಪ್‌ಟಾಪಿಗೆ ಎಷ್ಟು ಎಣಿಕೆ ಕಳಿಸುತ್ತೆ ಅನ್ನೋದೇ ಆ ಸಂಖ್ಯೆ. ವಿಂಡೋಸ್‌ನಲ್ಲಿ ಪಾಯಿಂಟರ್ ಸ್ಪೀಡ್ ನಡುಮಧ್ಯ ಇಟ್ಟು, "ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್" ಅನ್ನೋ ಟಿಕ್ ತೆಗೆದರೆ ಒಂದು ಎಣಿಕೆಗೆ ಒಂದು ಪಿಕ್ಸೆಲ್. ನಮ್ಮ ಸ್ಕ್ರೀನ್ ಅಗಲ 1920 ಪಿಕ್ಸೆಲ್. 1000 ಡಿಪಿಐ ಮೌಸಿನಲ್ಲಿ ಈ ಕಡೆಯಿಂದ ಆ ಕಡೆಗೆ ಹೋಗೋಕೆ ಸುಮಾರು 4.9 ಸೆಂಟಿಮೀಟರ್ ಸರಿಸಬೇಕು. 1600ರಲ್ಲಿ 3 ಸೆಂಟಿಮೀಟರ್. 3200ರಲ್ಲಿ ಒಂದೂವರೆ. ಒಂದೂವರೆ ಸೆಂಟಿಮೀಟರಿನಲ್ಲಿ ಪೂರ್ತಿ ಸ್ಕ್ರೀನ್ ದಾಟಿಬಿಟ್ಟರೆ ಸಣ್ಣ ಬಟನ್ ಮೇಲೆ ನಿಲ್ಲಿಸೋದು ಹೇಗೆ? ಕೈ ನಡುಗಿದರೆ ಕರ್ಸರ್ ಪಕ್ಕದ ಮನೆಗೆ ಹೋಗಿರುತ್ತೆ. ಅದೂ ಅಲ್ಲದೆ ಅಗ್ಗದ ಮೌಸಿನ ದೊಡ್ಡ ಸಂಖ್ಯೆ ಎಷ್ಟೋ ಸಲ ಸೆನ್ಸರ್ ನಿಜವಾಗಿ ನೋಡಿದ್ದಲ್ಲ, ಸಣ್ಣ ಎಣಿಕೆಯನ್ನ ಒಳಗಿನ ಫರ್ಮ್‌ವೇರ್ ಗುಣಿಸಿ ಕೊಟ್ಟಿದ್ದು. ಇಂಟರ್ನಲ್ಸ್ ಮಾರ್ಕ್ಸನ್ನು ಎರಡರಿಂದ ಗುಣಿಸಿದ ಹಾಗೆ. 1000 ಇದ್ದರೆ ನಮ್ಮ ಕೆಲಸಕ್ಕೆ ಸಾಕು ಅಂತ ಮೂವರೂ ಒಪ್ಪಿದೆವು. ಡಬ್ಬಿ ಮೇಲಿನ ಅತಿ ದಪ್ಪ ಅಕ್ಷರ ಲಿಸ್ಟಿನಿಂದ ಹೊರಗೆ ಹೋಯ್ತು.

ಸೆನ್ಸರ್ ಕೆಲಸ ಮಾಡೋ ರೀತಿ ಮಾತ್ರ ಮಜಾ ಇದೆ. ಹೊಟ್ಟೆ ಕೆಳಗೆ ಒಂದು ಎಲ್‌ಇಡಿ ಓರೆಯಾಗಿ ಬೆಳಕು ಬಿಡುತ್ತೆ, ಪುಟಾಣಿ ಕ್ಯಾಮೆರಾ ಒಂದು ಮೇಜಿನ ಮೇಲ್ಮೈ ಫೋಟೋ ತೆಗೀತಾನೇ ಇರುತ್ತೆ, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ. ಒಂದು ಫೋಟೋವನ್ನು ಹಿಂದಿನದರ ಜೊತೆ ಹೋಲಿಸಿ, ಗೆರೆಗಳು ಎಷ್ಟು ಸರಿದಿವೆ ಅಂತ ಲೆಕ್ಕ ಹಾಕುತ್ತೆ. ಸಿಗ್ನಲ್ಸ್ ಕ್ಲಾಸಿನಲ್ಲಿ ಕೋರಿಲೇಷನ್ ಅಂತ ನಿದ್ದೆ ಬರಿಸೋ ವಿಷಯ ಇದೆಯಲ್ಲ, ಅದೇ. ಗಾಜಿನ ಮೇಲೆ ಇವು ಓಡಲ್ಲ, ಯಾಕೆಂದರೆ ಫೋಟೋದಲ್ಲಿ ಹೋಲಿಸೋಕೆ ಏನೂ ಇರಲ್ಲ. ಹಾಸ್ಟೆಲ್ ಮೇಜಿನ ಹೊಳೆಯೋ ಸನ್‌ಮೈಕಾ ಮೇಲೂ ಕೆಲವು ತಡವರಿಸುತ್ತವೆ. ಇದಕ್ಕೆ 200 ರೂಪಾಯಿ ಮೌಸ್‌ಪ್ಯಾಡ್ ಬೇಕಿಲ್ಲ. ಬ್ರೌನ್ ಪೇಪರ್ ಬೈಂಡ್ ಹಾಕಿದ ಲ್ಯಾಬ್ ರೆಕಾರ್ಡ್ ಸಾಕು, ಆ ಕಾಗದದ ನಾರು ಸೆನ್ಸರಿಗೆ ಹಬ್ಬದೂಟ. ರೆಕಾರ್ಡ್ ಬುಕ್ ಈ ಸೆಮ್‌ನಲ್ಲಿ ಕಂಡ ಅತಿ ದೊಡ್ಡ ಉಪಯೋಗ ಇದೇ ಇರಬೇಕು.

ಪೋಲಿಂಗ್ ರೇಟ್ ಬಗ್ಗೆ ಗೇಮ್ ಆಡೋರು ಗಂಟೆಗಟ್ಟಲೆ ಭಾಷಣ ಮಾಡ್ತಾರೆ. ಸಾಧಾರಣ ಮೌಸ್ 125 ಹರ್ಟ್ಜ್, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕಳಿಸುತ್ತೆ. ನಮ್ಮ 60 ಹರ್ಟ್ಜ್ ಸ್ಕ್ರೀನ್ ಹೊಸ ಚಿತ್ರ ತೋರಿಸೋದೇ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ. ಮುಗೀತು.

ಈಗ ಸಿಎಸ್ ವಿಷಯ. ಅವನಿಗೆ ಬ್ಲೂಟೂತ್ ಮೌಸ್ ಬೇಕಿತ್ತು. ಡಾಂಗಲ್ ಇಲ್ಲ, ಕಳೆಯೋ ಭಯ ಇಲ್ಲ, ಯುಎಸ್‌ಬಿ ಪೋರ್ಟ್ ಒಂದು ಉಳಿಯುತ್ತೆ. ಮಾತು ಸರಿನೇ. ಆದರೆ ಅವನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು ಎರಡೂ ಇವೆ. ಪೇರಿಂಗ್ ಅಂದರೆ ಮೌಸ್ ಮತ್ತು ಲ್ಯಾಪ್‌ಟಾಪ್ ಸೇರಿ ಒಂದು ಗುಟ್ಟಿನ ಕೀ ಒಪ್ಪಿಕೊಳ್ಳೋದು. ವಿಂಡೋಸ್‌ನಲ್ಲಿ ಪೇರ್ ಮಾಡಿದಾಗ ಒಂದು ಕೀ. ಉಬುಂಟುಗೆ ಹೋಗಿ ಪೇರ್ ಮಾಡಿದರೆ ಇನ್ನೊಂದು ಕೀ. ಎರಡರಲ್ಲೂ ಬ್ಲೂಟೂತ್ ಅಡ್ರೆಸ್ ಒಂದೇ ಆದ್ದರಿಂದ ಮೌಸ್ "ಓಹೋ, ಅದೇ ಲ್ಯಾಪ್‌ಟಾಪು, ಕೀ ಬದಲಾಗಿದೆ" ಅಂದುಕೊಂಡು ಹಳೇದನ್ನ ಮರೆತುಬಿಡುತ್ತೆ. ವಾಪಸ್ ವಿಂಡೋಸ್‌ಗೆ ಬಂದರೆ ಅದರ ಕೈಯಲ್ಲಿ ಹಳೇ ಕೀ, ಬಾಗಿಲು ತೆಗೆಯಲ್ಲ. ಮತ್ತೆ ಪೇರಿಂಗ್. ಒಂದರಿಂದ ಕೀ ತೆಗೆದು ಇನ್ನೊಂದಕ್ಕೆ ಕೈಯಾರೆ ಹಾಕೋ ಉಪಾಯ ಇದೆ, ರಿಜಿಸ್ಟ್ರಿಗೆ ಕೈ ಹಾಕಬೇಕು. ಲ್ಯಾಬ್ ಸಬ್ಮಿಷನ್ ಹಿಂದಿನ ರಾತ್ರಿ ಯಾರಿಗೆ ಬೇಕು ಆ ಸರ್ಕಸ್ಸು? ಡಾಂಗಲ್‌ಗೆ ಈ ರಗಳೆ ಇಲ್ಲ. ಅದರ ಜೋಡಿ ಮೌಸಿನ ಜೊತೆ ಮೊದಲೇ ಕಟ್ಟಿಬಿಟ್ಟಿರ್ತಾರೆ, ಲ್ಯಾಪ್‌ಟಾಪಿಗೆ ಅದು ಬರೀ ಯುಎಸ್‌ಬಿ ಮೌಸ್. ಯಾವ ಓಎಸ್ ಇದ್ದರೂ ಚುಚ್ಚಿದ ತಕ್ಷಣ ಓಡುತ್ತೆ. ಒಂದೇ ಓಎಸ್ ಇಟ್ಟುಕೊಂಡು, ಪೋರ್ಟ್ ಕಮ್ಮಿ ಇರೋ ತೆಳ್ಳನೆ ಲ್ಯಾಪ್‌ಟಾಪ್ ಇರೋರಿಗೆ ಬ್ಲೂಟೂತೇ ವಾಸಿ. ನಮ್ಮ ಸಿಎಸ್‌ಗೆ ಅಲ್ಲ.

ಡಾಂಗಲ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ಇದರಿಂದ ಒಳ್ಳೇ ಮೌಸ್‌ಗಳಿಗೂ ಕೆಟ್ಟ ಹೆಸರು ಬಂದಿದೆ. ನಮ್ಮ ಫ್ಲೋರಿನಲ್ಲಿ ಒಬ್ಬನ ಕರ್ಸರ್ ಆಗಾಗ ಎಡವಿ ಎಡವಿ ಓಡ್ತಿತ್ತು. "ಡಬ್ಬಾ ಮೌಸ್" ಅಂತ ಬಿಸಾಡೋಕೆ ಹೊರಟಿದ್ದ. ನೋಡಿದರೆ ಸಿನಿಮಾ ತುಂಬಿದ ಹಾರ್ಡ್ ಡಿಸ್ಕನ್ನು ಪಕ್ಕದ ಯುಎಸ್‌ಬಿ 3.0 ಪೋರ್ಟಿಗೆ ಹಾಕಿದಾಗ ಮಾತ್ರ ಹಾಗಾಗ್ತಿತ್ತು. ಯುಎಸ್‌ಬಿ 3.0 ಓಡುವಾಗ ಹೊರಬೀಳೋ ರೇಡಿಯೋ ಗದ್ದಲ 2.4 ಗಿಗಾಹರ್ಟ್ಜ್ ಸುತ್ತಲೂ ಹರಡುತ್ತೆ, ಮೌಸ್ ಮಾತಾಡೋದೂ ಅಲ್ಲೇ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ವರದಿ ಬರೆದಿದೆ. ಡಾಂಗಲನ್ನ ಲ್ಯಾಪ್‌ಟಾಪಿನ ಇನ್ನೊಂದು ಪಕ್ಕದ ಪೋರ್ಟಿಗೆ ಹಾಕಿಸಿದೆವು, ಸರಿಹೋಯ್ತು. ಅವನು ಮೌಸ್ ಬಿಸಾಡಲಿಲ್ಲ, ನಮಗೆ ಒಂದು ಟೀ ಸಿಕ್ಕಿತು.

ಇಸಿಯವನ ಕಥೆ ಬೇರೆ. ಅವನು ಎಡಗೈಯವ. ಊಟ ಬಲಗೈಯಲ್ಲಿ, ಅದು ಅಜ್ಜಿ ಕಲಿಸಿದ್ದು. ಬರೆಯೋದು, ಕ್ಯಾರಂ ಹೊಡೆಯೋದು ಎಲ್ಲಾ ಎಡಗೈ. ಕಾಲೇಜಿನ ಲ್ಯಾಬಿನಲ್ಲಿ ಮೌಸಿನ ವೈರು ಬಲಗಡೆಗೆ ಎಷ್ಟು ಬಿಗಿಯಾಗಿ ಕಟ್ಟಿರ್ತಾರೆ ಅಂದರೆ ಕೀಬೋರ್ಡಿನ ಎಡಕ್ಕೆ ತರೋಕೇ ಆಗಲ್ಲ. ಮೂರು ಗಂಟೆ ಲ್ಯಾಬ್ ಅವನು ಬಲಗೈಯಲ್ಲಿ ತೆವಳ್ತಾನೆ. ಇದು ಯಾರ ಕಣ್ಣಿಗೂ ಬಿದ್ದಿಲ್ಲ, ಅವನೂ ಯಾರಿಗೂ ಹೇಳಿಲ್ಲ. ರೂಮಿನಲ್ಲಾದರೂ ತನ್ನ ಕೈ ತನಗೆ ಬೇಕು ಅಂದ. ಚೆಂದ ಕಾಣೋ, ಹೆಬ್ಬೆರಳಿಗೆ ಗುಂಡಿ ಇರೋ, "ಎರ್ಗೊನಾಮಿಕ್" ಅಂತ ಬರೆದಿರೋ ಮೌಸ್‌ಗಳೆಲ್ಲ ಹೆಚ್ಚಾಗಿ ಬಲಗೈಗೇ ಎರಕ ಹೊಯ್ದಿದ್ದು. ಎಡಗೈಯಲ್ಲಿ ಹಿಡಿದರೆ ಬೇರೆಯವರ ಚಪ್ಪಲಿ ಹಾಕ್ಕೊಂಡ ಹಾಗೆ. ಆದರೆ ಅಗ್ಗದ ಮೌಸ್‌ಗಳು? ಅವು ಬಹುಪಾಲು ಎರಡೂ ಬದಿ ಒಂದೇ ಥರ ಇರ್ತವೆ, ಒಂದೇ ಅಚ್ಚಿನಲ್ಲಿ ಎಲ್ಲರಿಗೂ ಆಗಲಿ ಅಂತ. ಕಂಪನಿ ಅಚ್ಚಿನಲ್ಲಿ ಉಳಿಸಿದ್ದು ನಮ್ಮ ಇಸಿಗೆ ಲಾಭ. ಜಗತ್ತಿನಲ್ಲಿ ಎಡಗೈಯವರಿಗೆ ಕಮ್ಮಿ ಬೆಲೆಯದ್ದೇ ಜಾಸ್ತಿ ಚೆನ್ನಾಗಿ ಒಗ್ಗೋ ವಸ್ತು ಇದೊಂದೇ ಇರಬೇಕು. ಎಡ ಬಲ ಬಟನ್ ಅದಲು ಬದಲು ಮಾಡೋ ಸೆಟ್ಟಿಂಗ್ ವಿಂಡೋಸ್‌ನಲ್ಲೇ ಇದೆ, ದುಡ್ಡು ಬೇಡ.

ಮೂಲ ಮೌಸ್ ಕೂಡ ಹಾಗೇ ಸಾದಾ ಇತ್ತು. ಡಗ್ಲಸ್ ಎಂಗಲ್‌ಬಾರ್ಟ್ ಯೋಚನೆ, ಬಿಲ್ ಇಂಗ್ಲಿಷ್ ಕಟ್ಟಿದ್ದು, 1960ರ ದಶಕದಲ್ಲಿ. ಮರದ ಡಬ್ಬಿ, ಕೆಳಗೆ ಒಂದಕ್ಕೊಂದು ಅಡ್ಡಲಾಗಿ ಎರಡು ಚಕ್ರ, ಅಷ್ಟೇ. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಎಂಗಲ್‌ಬಾರ್ಟ್ ಅದನ್ನು ಎಲ್ಲರೆದುರು ತೋರಿಸಿದರು. ಆ ಡಬ್ಬಿ ಎಡಗೈ ಬಲಗೈ ಭೇದ ಮಾಡ್ತಿರಲಿಲ್ಲ ಅನ್ನೋದು ನಮ್ಮ ಇಸಿಯ ಹೆಮ್ಮೆ.

ಕೊಳ್ಳೋಕೆ ಹೋಗಿದ್ದು ಎಸ್‌ಪಿ ರೋಡ್‌ಗೆ. ಆನ್‌ಲೈನ್‌ನಲ್ಲಿ 40-50 ರೂಪಾಯಿ ಕಮ್ಮಿ ಇತ್ತು ನಿಜ, ಆದರೆ ಫೋಟೋ ಹಿಡಿದು ನೋಡೋಕಾಗಲ್ಲ. ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದು ನಡೆದೆವು. ಶನಿವಾರ ಹೋಗಿ, ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳ ಶಟರ್ ಕೆಳಗಿರ್ತವೆ. ಜೊತೆಗೆ ಮೆಕ್‌ನ ಲ್ಯಾಪ್‌ಟಾಪೂ ಹೊತ್ತೊಯ್ದಿದ್ದೆವು, ಪ್ಲಮ್ಮರ್ ಬ್ಲಾಕ್ ಫೈಲ್ ಸಮೇತ. ಮೊದಲನೇ ಅಂಗಡಿಯವರು ಡಬ್ಬಿ ಬಿಚ್ಚೋದೇ ಇಲ್ಲ, ದುಡ್ಡು ಕೊಟ್ಟಮೇಲೆ ನೋಡ್ಕೊಳ್ಳಿ ಅಂದರು. ಬಂದ ದಾರಿ ಹಿಡಿದೆವು. ಮೂರನೇ ಅಂಗಡಿಯಲ್ಲಿ ಡಿಸ್‌ಪ್ಲೇಗೆ ಇಟ್ಟಿದ್ದನ್ನ ಕೊಟ್ಟರು. ಲಾಜಿಟೆಕ್, ಎಚ್‌ಪಿ, ಡೆಲ್, ಝೆಬ್ರಾನಿಕ್ಸ್, ಪೋರ್ಟ್ರಾನಿಕ್ಸ್ ಎಲ್ಲದರಲ್ಲೂ ನಮ್ಮ ಬಜೆಟ್ಟಿನ ಮೌಸ್ ಇದ್ದವು. ಕೌಂಟರ್ ಮೇಲೆ ಸಾಲಿಡ್‌ವರ್ಕ್ಸ್ ತೆರೆಯೋಕೆ ನಾಲ್ಕು ನಿಮಿಷ ಆಯ್ತು, ಅಷ್ಟರಲ್ಲಿ ಅಂಗಡಿಯ ಅಂಕಲ್ ಮೂರು ಪ್ರಿಂಟರ್ ಕಾರ್ಟ್ರಿಜ್ ಮಾರಿದರು.

ಇಲ್ಲೇ ಚಕ್ರದ ಗುಟ್ಟು ತಿಳಿದಿದ್ದು. ನೆಟ್ ನೋಡೋರಿಗೆ ಚಕ್ರ ಬರೀ ಉರುಳಿದರೆ ಸಾಕು. ಮೆಕ್‌ಗೆ ಅದು ಮೂರನೇ ಬಟನ್, ದಿನಕ್ಕೆ ಸಾವಿರ ಸಲ ಒತ್ತಬೇಕು. ಎರಡು ಮೌಸ್‌ನಲ್ಲಿ ಚಕ್ರ ಕಲ್ಲಿನ ಹಾಗೆ ಗಟ್ಟಿ, ಒತ್ತಿದರೆ ತೋರುಬೆರಳು ಬಾಗುತ್ತೆ. ಇನ್ನೊಂದರಲ್ಲಿ ಒತ್ತೋಕೆ ಹೋದರೆ ಚಕ್ರ ಒಂದು ಹಲ್ಲು ಉರುಳಿಬಿಡುತ್ತೆ, ಮಾಡೆಲ್ ತಿರುಗೋ ಬದಲು ಝೂಮ್ ಆಗಿ ಮೂಗಿಗೆ ಬಂದು ಬಡಿಯುತ್ತೆ. ನಾಲ್ಕನೆಯದು ಸರಿ ಇತ್ತು. ಹಲ್ಲು ಹಲ್ಲಾಗಿ ನಿಂತು ಉರುಳುತ್ತೆ, ಒತ್ತಿದರೆ ಉರುಳದೆ ಒಳಗಿಳಿಯುತ್ತೆ. ಪ್ಲಮ್ಮರ್ ಬ್ಲಾಕ್ ಕೌಂಟರ್ ಮೇಲೆ ಸಲೀಸಾಗಿ ಒಂದು ಸುತ್ತು ತಿರುಗಿತು. ಅಂಕಲ್ ಬಗ್ಗಿ ನೋಡಿ "ಇದೇನಪ್ಪಾ, ಮಿಕ್ಸಿನಾ?" ಅಂದರು. ಆಟೋಕ್ಯಾಡ್ ಬಳಸೋ ಸಿವಿಲ್‌ನವರಿಗೂ ಇದೇ ಮಾತು, ನಿಮಗೆ ಪ್ಯಾನ್ ಆಗೋದು ಆ ಚಕ್ರ ಒತ್ತಿದರೇನೆ. ಯಾವ ಡಬ್ಬಿ ಮೇಲೂ ಚಕ್ರ ಎಷ್ಟು ಗಟ್ಟಿ ಅಂತ ಬರೆದಿರಲ್ಲ, ಬೆರಳಿಟ್ಟೇ ನೋಡಬೇಕು.

ಆದರೆ ಆ ನಾಲ್ಕನೆಯದು ಚಿಕ್ಕದು, ಉದ್ದ ಹತ್ತು ಸೆಂಟಿಮೀಟರಿಗೆ ಸ್ವಲ್ಪ ಕಮ್ಮಿ. ಮೆಕ್‌ನ ಕೈ ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಗೆ ಇಪ್ಪತ್ತು ಸೆಂಟಿಮೀಟರ್. ಚಿಕ್ಕದನ್ನ ಹಿಡಿದರೆ ಬೆರಳು ಏಡಿ ಥರ ಮಡಚಿ, ಅಂಗೈ ಗಾಳಿಯಲ್ಲಿ, ಮಣಿಕಟ್ಟು ಮೇಜಿನ ಅಂಚಿಗೆ ಒತ್ತಿ ಕೂರುತ್ತೆ. ನೋವಿರೋ ಕೈಗೆ ಅದೇ ಬೇಡವಾಗಿದ್ದು. ಅದೇ ಥರದ ಚಕ್ರ ಇರೋ, ಬೆನ್ನು ಸ್ವಲ್ಪ ಎತ್ತರದ, ದೊಡ್ಡ ಮಾಡೆಲ್ ಇದೆಯಾ ಅಂತ ಕೇಳಿದೆವು. ಇತ್ತು, ಬೆಲೆ 790. ಬಜೆಟ್ಟಿಗಿಂತ 90 ಜಾಸ್ತಿ. ಮೆಕ್ ಚಿಕ್ಕದೇ ಸಾಕು ಅಂದ, ಅಭ್ಯಾಸ ಆಗುತ್ತೆ ಅಂದ. ಇಸಿ ತನಗೆ ಆರಿಸಿದ್ದು 499ರದ್ದು, ಅವನ ಹತ್ತಿರ 201 ಉಳಿದಿತ್ತು. ಏನೂ ಮಾತಾಡದೆ 90 ರೂಪಾಯಿ ಕೌಂಟರ್ ಮೇಲಿಟ್ಟ. ಮೆಕ್ "ಸಾಲ" ಅಂದ. ಇಸಿ "ಆಯ್ತು, ಬ್ಲೌಸ್ ಬೇಡ, ಕ್ಯಾಶ್ ಕೊಡು" ಅಂದ. ಅಂಕಲ್‌ಗೆ ಏನೂ ಅರ್ಥ ಆಗಲಿಲ್ಲ, ಆದರೂ 20 ರೂಪಾಯಿ ಬಿಟ್ಟರು.

ಸಿಎಸ್ ತಗೊಂಡಿದ್ದು ಸದ್ದಿಲ್ಲದ ಕ್ಲಿಕ್ ಇರೋದು, 680ಕ್ಕೆ. ಇದು ಅವನ ಆಯ್ಕೆ ಅಲ್ಲ, ನಮ್ಮ ಷರತ್ತು. ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಟಿಕ್ ಟಿಕ್ ಟಿಕ್ ಅಂತ ಕೇಳ್ತಾ ಮಲಗೋದು ಏನು ಅಂತ ಹಾಸ್ಟೆಲ್‌ನಲ್ಲಿ ಇದ್ದೋರಿಗೇ ಗೊತ್ತು. ಸ್ವಿಚ್ ಬಗ್ಗೆ ಒಂದು ಪರೀಕ್ಷೆ: ಯಾವುದಾದರೂ ಫೋಲ್ಡರ್ ಮೇಲೆ ಇಪ್ಪತ್ತು ಸಲ ನಿಧಾನಕ್ಕೆ ಒಂದೊಂದೇ ಕ್ಲಿಕ್ ಮಾಡಿ. ಒಮ್ಮೆಯಾದರೂ ಫೋಲ್ಡರ್ ತಾನೇ ತೆರೆದುಕೊಂಡರೆ ಆ ಮೌಸ್ ವಾಪಸ್ ಇಡಿ. ಒಳಗಿನ ಲೋಹದ ಎಲೆ ಒಂದು ಒತ್ತಿಗೆ ಎರಡು ಸಲ ತಾಗ್ತಿದೆ ಅಂತ ಅರ್ಥ. ಡಿಜಿಟಲ್ ಲ್ಯಾಬಿನಲ್ಲಿ ಡಿಬೌನ್ಸ್ ಅಂತ ಮಾಡಿಸಿದ್ದರಲ್ಲ, ಅದು ಸೋತಿರೋ ಜಾಗ.

ಮೂರೂ ಮೌಸ್‌ಗೆ ಹಾಕೋದು ಡಬಲ್ ಎ ಸೆಲ್. ಚಾರ್ಜ್ ಆಗೋವು ನೋಡೋಕೆ ಚೆಂದ, ತೆಳ್ಳಗೆ, ಬಣ್ಣದ ಲೈಟು ಬೇರೆ. ಆದರೆ ಒಳಗಿನ ಬ್ಯಾಟರಿ ಕೆಲವು ವರ್ಷಕ್ಕೆ ಸೊರಗಿದರೆ ಈ ಬೆಲೆಯ ಮೌಸಿನಲ್ಲಿ ಅದನ್ನ ಬದಲಿಸೋರು ಯಾರು? ಸೆಲ್ ಆದರೆ ಮುಗಿದರೆ ಇನ್ನೊಂದು. ತೂಕ ಸ್ವಲ್ಪ ಜಾಸ್ತಿ, ಒಂದು ಆಲ್ಕಲೈನ್ ಸೆಲ್ ಸುಮಾರು 23 ಗ್ರಾಂ, ಅದು ನಮಗೆ ತೊಂದರೆ ಇಲ್ಲ. ಪಿಎಲ್ ಟೈಮಲ್ಲಿ ಹಾಸ್ಟೆಲ್ ಕಾರಿಡಾರಿನ ಗೋಡೆ ಗಡಿಯಾರ ನಿಂತಿದ್ದರೆ ಸೆಲ್ ಎಲ್ಲಿ ಹೋಯ್ತು ಅಂತ ವಾರ್ಡನ್ ಸರ್ ನಮ್ಮನ್ನ ಕೇಳಬಾರದು. ಬಿಲ್ ಮಾತ್ರ ಅವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ. ಆ ಥರ್ಮಲ್ ಕಾಗದದ ಅಕ್ಷರ ವಾರಂಟಿಗಿಂತ ಮುಂಚೆ ಮಾಸಿಹೋಗುತ್ತೆ.

ತಗೊಂಡು ಈಗ ಏಳು ವಾರ. ಪ್ಲಮ್ಮರ್ ಬ್ಲಾಕ್ ಮುಗಿದು ಸ್ಕ್ರೂ ಜ್ಯಾಕ್ ನಡೀತಿದೆ. ಮಣಿಕಟ್ಟಿನ ನೋವು ಪೂರ್ತಿ ಹೋಗಿಲ್ಲ, ವ್ಯಾಯಾಮ ತಪ್ಪಿಸಿದ ದಿನ ಮತ್ತೆ ಬರುತ್ತೆ, ಆದರೆ ಬಕೆಟ್ ಅವನೇ ಎತ್ತುತ್ತಾನೆ. ಇಸಿಗೆ 70 ರೂಪಾಯಿ ವಾಪಸ್ ಬಂದಿದೆ. ನಮ್ಮ ಮೂರೂ ಮೌಸ್ ಹಿಡಿದು ನೋಡಬೇಕು ಅನ್ನೋರು ಸಂಜೆ ಏಳರ ಮೇಲೆ ರೂಮಿಗೆ ಬನ್ನಿ. ನಿಮ್ಮ ಸೆಲ್ ನೀವೇ ತನ್ನಿ.